ಖಾಲಿ ಕಿಂಡಿಯಿಂದ ಟಚ್ ಸ್ಕ್ರೀನ್‌ವರೆಗೆ: ಮಲೆನಾಡಿನ ಪಿಕಪ್ ಹಾಡಲು ಕಲಿತ ಕಥೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ. ಈ ಮೂರು ತಾಲ್ಲೂಕಿನ ಯಾವ ಕೈಮರದ ಬಳಿ ಹತ್ತು ನಿಮಿಷ ನಿಂತರೂ ಒಂದಾದರೂ ಪಿಕಪ್ ಗಾಡಿ ಹಾದುಹೋಗುತ್ತದೆ. ಹಿಂದೆ ಅಡಿಕೆ ಮೂಟೆ, ಕಾಫಿ ಹಣ್ಣು, ಬಾಳೆಗೊನೆ, ಶುಂಠಿ, ಗೊಬ್ಬರದ ಚೀಲ, ಇಲ್ಲವೇ ಮದುವೆ ಮನೆಯ ಶಾಮಿಯಾನ. ಮುಂದೆ ಡ್ರೈವರ್ ಪಕ್ಕದಲ್ಲಿ ಹಾಡು. ಗಾಡಿ ತಿರುವಿನಲ್ಲಿ ಕಾಣುವ ಮೊದಲೇ ಅದರ ಹಾಡು ಕೇಳಿ "ಇಂಥವರ ಗಾಡಿ ಬಂತು" ಎಂದು ಹೇಳುವವರು ಪ್ರತಿ ಊರಲ್ಲೂ ಇದ್ದಾರೆ.

ಆದರೆ ಒಂದು ವಿಷಯ ಗಮನಿಸಿ. ಬಹಳ ವರ್ಷಗಳ ಕಾಲ ಆ ಹಾಡನ್ನು ಕಂಪನಿ ಕೊಟ್ಟಿರಲಿಲ್ಲ. ಕಂಪನಿ ಕೊಟ್ಟಿದ್ದು ಎಂಜಿನ್, ಚಾಸಿ, ತೊಟ್ಟಿ ಮತ್ತು ಡ್ಯಾಶ್‌ಬೋರ್ಡಿನ ನಡುವೆ ಒಂದು ಖಾಲಿ ಕಿಂಡಿ. ಕಿಂಡಿಗೆ ಪ್ಲಾಸ್ಟಿಕ್ ಮುಚ್ಚಳ. ಸೆಟ್ ಕೊಟ್ಟರೂ ಎರಡು ಪುಟ್ಟ ಸ್ಪೀಕರ್, ಡೀಸೆಲ್ ಎಂಜಿನ್ನಿನ ಸದ್ದಿನ ಮುಂದೆ ಏನೂ ಕೇಳದಂಥವು. ಆ ಕಿಂಡಿಯನ್ನು ತುಂಬಿದ್ದು, ಆಮೇಲೆ ತುಂಬಿದ್ದನ್ನೇ ಬದಲಿಸಿ ಬದಲಿಸಿ ದೊಡ್ಡದು ಮಾಡಿದ್ದು ನಮ್ಮ ಡ್ರೈವರುಗಳು ಮತ್ತು ಪೇಟೆಯ ಆಟೊ ಎಲೆಕ್ಟ್ರಿಷಿಯನ್‌ಗಳು. ಅದು ಯಾವ ಪುಸ್ತಕದಲ್ಲೂ ಇಲ್ಲದ ಒಂದು ಸಣ್ಣ ಇತಿಹಾಸ. ಪ್ರತಿ ಬದಲಾವಣೆಯಲ್ಲೂ ನಮಗೆ ಏನೋ ಸಿಕ್ಕಿತು, ಏನೋ ಕೈಬಿಟ್ಟಿತು. ಸಿಕ್ಕಿದ್ದು ಎಲ್ಲರಿಗೂ ಗೊತ್ತು. ಕೈಬಿಟ್ಟಿದ್ದರ ಲೆಕ್ಕವನ್ನೂ ಇಲ್ಲಿ ಹಾಕೋಣ.

ಮೊದಲು ದನಿ ಗಾಡಿಯ ಹೊರಗಿತ್ತು

ವಾಹನದೊಳಗೆ ರೇಡಿಯೊ ಕೂರಿಸುವ ಯೋಚನೆ ಹಳೆಯದು. ಅಮೆರಿಕದ ಗಾಲ್ವಿನ್ ಸಹೋದರರು 1930ರಲ್ಲಿ ಕಾರಿಗೆಂದೇ ಒಂದು ರೇಡಿಯೊ ಮಾಡಿ ಮಾರಿದರು. ಮೋಟಾರು ಕಾರಿನ ರೇಡಿಯೊ ಆದ್ದರಿಂದ ಅದಕ್ಕೆ ಮೋಟೊರೋಲ ಎಂದು ಹೆಸರಿಟ್ಟರು. ಮುಂದೆ ಅದೇ ಕಂಪನಿಯ ಹೆಸರಾಯಿತು, ನಮ್ಮ ಕೈಗೆ ಮೊಬೈಲ್ ಆಗಿಯೂ ಬಂತು. ಜರ್ಮನಿಯ ಬ್ಲೌಪುಂಕ್ಟ್ ಕಂಪನಿ 1932ರಲ್ಲಿ ಯುರೋಪಿನ ಮೊದಲ ಕಾರ್ ರೇಡಿಯೊ ತಂದಿತು. ಆಗಿನ ರೇಡಿಯೊಗಳಲ್ಲಿ ಇದ್ದದ್ದು ಗಾಜಿನ ವಾಲ್ವ್‌ಗಳು. ಅವು ಬಿಸಿಯಾಗಬೇಕು, ಅವಕ್ಕೆ ಹೆಚ್ಚು ವೋಲ್ಟೇಜ್ ಬೇಕು, ಬ್ಯಾಟರಿ ಬೇಗ ಇಳಿಯುತ್ತಿತ್ತು. ಟ್ರಾನ್ಸಿಸ್ಟರ್ ಬಂದ ಮೇಲೆ, ಅಂದರೆ 1950ರ ದಶಕದ ನಡುವಿನಿಂದ, ರೇಡಿಯೊ ಸಣ್ಣದಾಯಿತು, ಬ್ಯಾಟರಿಗೂ ಹಗುರವಾಯಿತು.

ನಮ್ಮ ಕಡೆ ಬಂದದ್ದು ಜೀಪು. 1940ರ ದಶಕದ ಕೊನೆಯಲ್ಲಿ ಮಹೀಂದ್ರದವರು ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ಶುರು ಮಾಡಿದರು. ಕಾಫಿ ತೋಟ, ಅಡಿಕೆ ತೋಟ, ಮಣ್ಣಿನ ಏರು, ಹಳ್ಳದ ದಾಟು ಇರುವ ನಾಡಿಗೆ ಜೀಪು ಹೇಳಿ ಮಾಡಿಸಿದ ಗಾಡಿ. ಆದರೆ ಮೇಲೆ ಟಾರ್ಪಾಲು, ಪಕ್ಕದಲ್ಲಿ ಬಾಗಿಲೇ ಇಲ್ಲದ ಜೀಪಿನಲ್ಲಿ ರೇಡಿಯೊ ಹಾಕಿ ಕೇಳುವುದೇನು? ಮಳೆಗಾಲದಲ್ಲಿ ಒಳಗೂ ನೀರು.

ಇನ್ನೊಂದು ಅಡ್ಡಿ ಕಾಗದದ್ದು. ರೇಡಿಯೊ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. ಅಂಚೆ ಕಚೇರಿಗೆ ಹೋಗಿ ವರ್ಷವರ್ಷ ಹಣ ಕಟ್ಟಿ ಪುಸ್ತಕದಲ್ಲಿ ಗುರುತು ಹಾಕಿಸಬೇಕಿತ್ತು. 1980ರ ದಶಕದ ನಡುವಿನವರೆಗೂ ಈ ಪದ್ಧತಿ ನಡೆಯಿತು. ಅಜ್ಜನ ಕಾಲದ ಪೆಟ್ಟಿಗೆಯಲ್ಲಿ ಆ ಪುಸ್ತಕ ಇನ್ನೂ ಇದ್ದರೆ ಎಸೆಯಬೇಡಿ.

ಹಾಗಾಗಿ ನಮ್ಮ ಹಳ್ಳಿಗಳಲ್ಲಿ ಗಾಡಿಯ ದನಿ ಮೊದಲು ಕೇಳಿದ್ದು ಒಳಗಿನಿಂದಲ್ಲ, ಮೇಲಿನಿಂದ. ಜೀಪಿನ ತಲೆಗೆ ಕಟ್ಟಿದ ಹಾರ್ನ್ ಸ್ಪೀಕರ್, ಒಳಗೆ ಬ್ಯಾಟರಿಯಿಂದ ನಡೆಯುವ ಆಂಪ್ಲಿಫೈಯರ್, ಮೈಕ್ ಹಿಡಿದ ಒಬ್ಬ. ಟೆಂಟ್ ಸಿನಿಮಾ, ನಾಟಕ ಕಂಪನಿ, ಬಯಲಾಟ, ಚುನಾವಣೆ, ಎಲ್ಲದರ ಪ್ರಚಾರವೂ ಹೀಗೇ. 1978ರ ನವೆಂಬರಿನಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದ ಉಪಚುನಾವಣೆಗೆ ನಿಂತಾಗ ದೇಶವೇ ಈ ಜಿಲ್ಲೆಯತ್ತ ತಿರುಗಿತು. ಎದುರಾಳಿ ವೀರೇಂದ್ರ ಪಾಟೀಲರು. ಆಗ ಟಿವಿ ಇಲ್ಲ, ಫೋನ್ ಅಪರೂಪ. ಒಂಟಿ ಮನೆಗಳ ಮಲೆನಾಡಿನಲ್ಲಿ ಮತದಾರನ ಕಿವಿ ಮುಟ್ಟಲು ಜೀಪಿನ ಧ್ವನಿವರ್ಧಕಕ್ಕಿಂತ ಬೇರೆ ದಾರಿ ಕಡಿಮೆ ಇತ್ತು.

ಈ ಪ್ರಚಾರದ ಜೀಪುಗಳು ಹಳ್ಳಿಗೆ ಒಂದು ಪಾಠ ಕಲಿಸಿದವು: ಗಾಡಿಯ 12 ವೋಲ್ಟ್ ಬ್ಯಾಟರಿಯಿಂದಲೂ ದೊಡ್ಡ ದನಿ ಹೊರಡಿಸಬಹುದು. ಮುಂದೆ ಡೆಕ್ ಕೂರಿಸುವ ಕೆಲಸಕ್ಕೆ ಕೈ ಹಾಕಿದವರೂ ಮೈಕ್ ಸೆಟ್ ಮತ್ತು ರೇಡಿಯೊ ರಿಪೇರಿ ಬಲ್ಲವರೇ.

ಭದ್ರಾವತಿಯ 444 ಮೀಟರ್

ಮೈಸೂರಿನಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಸ್ವಂತ ಆಸಕ್ತಿಯಿಂದ ಬಾನುಲಿ ಕೇಂದ್ರ ಶುರು ಮಾಡಿದ್ದು, ಅಲ್ಲಿಂದಲೇ 'ಆಕಾಶವಾಣಿ' ಎಂಬ ಹೆಸರು ದೇಶಕ್ಕೆ ಹಬ್ಬಿದ್ದು ಎಲ್ಲರಿಗೂ ಗೊತ್ತು. ಆದರೆ ನಮ್ಮ ಮೂರು ತಾಲ್ಲೂಕಿಗೆ ಹತ್ತಿರದ ಆಕಾಶವಾಣಿ ಎಂದರೆ ಭದ್ರಾವತಿ. 1965ರಲ್ಲಿ ಶುರುವಾದ ಆ ಕೇಂದ್ರ ಮೀಡಿಯಂ ವೇವ್ 675 ಕಿಲೋಹರ್ಟ್ಸ್‌ನಲ್ಲಿ ಕೇಳುತ್ತದೆ. ಎಫ್‌ಎಂ ಬಂದ ಮೇಲೆ 103.5 ಮೆಗಾಹರ್ಟ್ಸ್‌ನಲ್ಲೂ ಸಿಗುತ್ತದೆ.

ಇಲ್ಲಿ ಸ್ವಲ್ಪ ಲೆಕ್ಕ ನೋಡೋಣ, ಏಕೆಂದರೆ ಈ ಕಥೆಯ ಕೊನೆಗೆ ಇದು ಬೇಕಾಗುತ್ತದೆ. 675 ಕಿಲೋಹರ್ಟ್ಸ್ ಅಲೆಯ ಉದ್ದ ಸುಮಾರು 444 ಮೀಟರ್. 103.5 ಮೆಗಾಹರ್ಟ್ಸ್ ಅಲೆಯ ಉದ್ದ ಮೂರು ಮೀಟರಿಗೂ ಕಡಿಮೆ. ಉದ್ದದ ಅಲೆ ನೆಲಕ್ಕೆ ಅಂಟಿಕೊಂಡು ಸಾಗುತ್ತದೆ, ಗುಡ್ಡ ಅಡ್ಡ ಬಂದರೆ ಬಾಗಿ ಆಚೆಗೂ ಇಳಿಯುತ್ತದೆ. ಗಿಡ್ಡ ಅಲೆ ಹೆಚ್ಚುಕಡಿಮೆ ಟಾರ್ಚ್ ಬೆಳಕಿನ ಹಾಗೆ. ನೇರ ಹೋಗುತ್ತದೆ, ಗುಡ್ಡದ ಮರೆಯಲ್ಲಿ ಕತ್ತಲೆ. ಬಯಲುಸೀಮೆಯಲ್ಲಿ ಎಫ್‌ಎಂ ಸೊಗಸಾಗಿ ಕೇಳುತ್ತದೆ. ನಮ್ಮಲ್ಲಿ ಒಂದು ತಿರುವಿಗೆ ಹಾಡು, ಮುಂದಿನ ತಿರುವಿಗೆ ಬರೀ ಶ್ಶ್ ಸದ್ದು. ಮೀಡಿಯಂ ವೇವ್‌ನಲ್ಲಿ ದನಿ ಅಷ್ಟು ಸ್ವಚ್ಛವಿಲ್ಲ, ಸಿಡಿಲು ಹೊಡೆದರೆ ಚಟಪಟ ಎನ್ನುತ್ತದೆ, ಆದರೆ ಕಣಿವೆಗೂ ಇಳಿದು ಬರುತ್ತದೆ.

ಪ್ರದೇಶ ಸಮಾಚಾರ, ಕೃಷಿರಂಗ, ಚಿತ್ರಗೀತೆ, ನಾಟಕ, ಹವಾಮಾನ ಇವೆಲ್ಲ ಮಲೆನಾಡಿನ ಒಂಟಿ ಮನೆಗೆ ಬಂದದ್ದು ಈ ಅಲೆಯ ಮೇಲೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಹೊತ್ತಿನಲ್ಲಿ ನಾಳೆ ಮಳೆ ಹೊಳವಾಗುತ್ತದೋ ಇಲ್ಲವೋ ಎಂಬುದು ಬೆಳೆಗಾರನಿಗೆ ಹಾಡಿಗಿಂತ ದೊಡ್ಡ ವಿಷಯ. ಅಂಬಾಸಡರ್ ಕಾರು, ಮೆಟಡೋರ್, ಸಾಮಾನು ಸಾಗಿಸುವ ಲಾರಿಗಳಲ್ಲಿ ಮೊದಲು ಬಂದ ರೇಡಿಯೊ ಕೂಡ ಮೀಡಿಯಂ ವೇವ್‌ದೇ. ಎರಡು ಗುಂಡಿ, ನಡುವೆ ಮುಳ್ಳು ಓಡುವ ಗಾಜು. ಆಯ್ಕೆ ಡ್ರೈವರನದ್ದಲ್ಲ, ಕೇಂದ್ರದವರು ಹಾಕಿದ್ದು ಎಲ್ಲರೂ ಕೇಳಬೇಕು. ಗಾಡಿಯಲ್ಲಿ ಕೂತವರಿಗೂ ಮನೆಯಲ್ಲಿ ಕೂತವರಿಗೂ ಒಂದೇ ಹೊತ್ತಿನಲ್ಲಿ ಒಂದೇ ಹಾಡು.

ಕ್ಯಾಸೆಟ್ ಬಂದಿತು, ಆಯ್ಕೆ ಕೈಗೆ ಬಂದಿತು

ಫಿಲಿಪ್ಸ್ ಕಂಪನಿ ಕ್ಯಾಸೆಟ್ಟನ್ನು ಜಗತ್ತಿಗೆ ತೋರಿಸಿದ್ದು 1963ರಲ್ಲಿ. ಐದೇ ವರ್ಷದಲ್ಲಿ ಅದು ಕಾರಿನ ಡ್ಯಾಶ್‌ಬೋರ್ಡಿಗೆ ಬಂತು. ಕನ್ನಡಕ್ಕೆ ಕ್ಯಾಸೆಟ್ಟಿನ ರುಚಿ ಹತ್ತಿದ್ದು 1978ರ 'ನಿತ್ಯೋತ್ಸವ'ದಿಂದ. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ಅದನ್ನು ಕನ್ನಡದ ಮೊದಲ ಭಾವಗೀತೆ ಧ್ವನಿಸುರುಳಿ ಎಂದು ಕರೆಯುತ್ತಾರೆ. 1987ರಲ್ಲಿ 'ಪ್ರೇಮಲೋಕ' ಬಂದಾಗ ಹಂಸಲೇಖರ ಹಾಡುಗಳು ಸಿನಿಮಾ ನೋಡದವರ ಬಾಯಲ್ಲೂ ಕೂತವು. ಲಹರಿ, ಸಂಗೀತಾ ಎಂಬ ಹೆಸರುಗಳು ಹಳ್ಳಿಯ ಅಂಗಡಿಯಲ್ಲಿ ಬೀಡಿ, ಬೆಂಕಿಪೊಟ್ಟಣದಷ್ಟು ಪರಿಚಿತವಾದವು. 1996ರ 'ಜನುಮದ ಜೋಡಿ' ಹಾಡುಗಳಿಲ್ಲದ ಡೆಕ್ ಆ ವರ್ಷ ಇತ್ತೇ ಎಂದು ಈಗಲೂ ಕೇಳುವವರಿದ್ದಾರೆ.

ನಮ್ಮ ಭಾಗದಲ್ಲಿ ಇನ್ನೊಂದು ಧಾರೆ ಸೇರಿತು, ಯಕ್ಷಗಾನ. ಕರಾವಳಿಯ ಮೇಳಗಳು ಘಟ್ಟ ಹತ್ತಿ ಬಂದು ಆಡುವ ನಾಡು ಇದು. ಸಾಲಿಗ್ರಾಮ ಮೇಳದ ಭಾಗವತ ಕಾಳಿಂಗ ನಾವಡರ ಕಂಠ ಕ್ಯಾಸೆಟ್ಟಿನ ಮೇಲೆ ಮನೆಮನೆಗೆ ಬಂತು. ಅವರೇ ಬರೆದ 'ನಾಗಶ್ರೀ'ಯಂಥ ಪ್ರಸಂಗಗಳ ಪದ್ಯಗಳು ಆಟ ಮುಗಿದ ಮೇಲೂ ಗಾಡಿಗಳಲ್ಲಿ ತಿರುಗಿದವು. 1990ರಲ್ಲಿ, ಇನ್ನೂ ಮೂವತ್ತರ ಆಸುಪಾಸಿನಲ್ಲಿದ್ದಾಗ, ನಾವಡರು ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆಮೇಲೆ ಅವರ ದನಿ ಉಳಿದದ್ದು ಈ ಕಂದು ಪಟ್ಟಿಯ ಮೇಲೆಯೇ.

ಕ್ಯಾಸೆಟ್ಟಿಗೆ ಮಲೆನಾಡು ಸುಲಭದ ಊರಲ್ಲ. ಮೇ ತಿಂಗಳ ಬಿಸಿಲಿಗೆ ಡ್ಯಾಶ್‌ಬೋರ್ಡಿನ ಮೇಲಿಟ್ಟರೆ ಸೊಟ್ಟಗಾಗುತ್ತದೆ. ಆಷಾಢದ ತೇವಕ್ಕೆ ಪಟ್ಟಿಯ ಮೇಲೆ ಬಿಳಿ ಬೂಸ್ಟು ಹಿಡಿಯುತ್ತದೆ. ಆ ಬೂಸ್ಟು ಡೆಕ್ಕಿನ ಹೆಡ್ಡಿಗೆ ಅಂಟಿ ಹಾಡು ಮಂದವಾಗುತ್ತದೆ. ಹೆಡ್ ಒರೆಸಲು ಹತ್ತಿ ಮತ್ತು ಸ್ಪಿರಿಟ್, ಸಡಿಲಾದ ಪಟ್ಟಿ ಸುತ್ತಲು ಆರು ಮೂಲೆಯ ಪೆನ್ಸಿಲ್, ಇವು ಆಗ ಡ್ರೈವರನ ಸಾಮಾನಿನಲ್ಲಿ ಸೇರಿದ್ದವು. ಪಟ್ಟಿ ಒಳಗೆ ಸಿಕ್ಕಿಕೊಂಡರೆ ಮೆಲ್ಲಗೆ ಎಳೆಯಬೇಕು. ಸಿಟ್ಟಿನಲ್ಲಿ ಎಳೆದವರ ಕ್ಯಾಸೆಟ್ಟು ರಸ್ತೆ ಬದಿಯ ಬೇಲಿ ಮೇಲೆ ಮಿಂಚುತ್ತಾ ನೇತಾಡುತ್ತಿತ್ತು.

ಅರವತ್ತು ನಿಮಿಷದ ಒಂದು ಕ್ಯಾಸೆಟ್ಟಿನಲ್ಲಿ ಹನ್ನೆರಡು ಹಾಡು. ಅಷ್ಟೇ ಹಾಡುಗಳನ್ನು ವರ್ಷಗಟ್ಟಲೆ ಕೇಳಿ ಯಾವ ಹಾಡಿನ ನಂತರ ಯಾವುದು ಎಂಬುದು ಬಾಯಿಪಾಠ. ಈಗಲೂ ಐವತ್ತು ದಾಟಿದವರಿಗೆ ಒಂದು ಹಾಡು ಮುಗಿಯುತ್ತಿದ್ದಂತೆ ಹಳೆಯ ಕ್ಯಾಸೆಟ್ಟಿನ ಮುಂದಿನ ಹಾಡು ತಾನಾಗಿ ನಾಲಿಗೆಗೆ ಬರುತ್ತದೆ.

ಪಿಕಪ್ ಬಂದ ಮೇಲೆ

1988ರಲ್ಲಿ ಟಾಟಾದವರು ಟಾಟಾಮೊಬೈಲ್ ಎಂಬ ಪಿಕಪ್ ತಂದರು. ಅದೇ ಮುಂದೆ 207 ಆಯಿತು. ಮಹೀಂದ್ರ 2000ದಲ್ಲಿ ಬೊಲೆರೊ ತಂದಿತು, ಆ ಹೆಸರಿನ ಪಿಕಪ್ ಅದರ ಹಿಂದೆಯೇ ಬಂತು. 2005ರ ಮೇ ತಿಂಗಳಲ್ಲಿ ಟಾಟಾ ಏಸ್ ಬಂದಿತು. ಎರಡು ಸಿಲಿಂಡರಿನ ಆ ಪುಟ್ಟ ಗಾಡಿ, ಲಾರಿ ಹೋಗದ ತೋಟದ ದಾರಿಗೂ ಹೋಯಿತು. ಲಾರಿಯ ಮಾಲೀಕ ಬೇರೆ, ಡ್ರೈವರ್ ಬೇರೆ. ಪಿಕಪ್ಪಿನಲ್ಲಿ ಹೆಚ್ಚಿನ ಕಡೆ ಇಬ್ಬರೂ ಒಬ್ಬನೇ. ಸಾಲ ತೆಗೆದು ಗಾಡಿ ಕೊಂಡವನಿಗೆ ಅದು ಕೆಲಸದ ಜಾಗ, ಊಟದ ಜಾಗ, ಎಷ್ಟೋ ರಾತ್ರಿ ಮಲಗುವ ಜಾಗ ಕೂಡ. ಹಾಗಾಗಿ ಮೊದಲ ಕಂತು ಕಟ್ಟುವ ಮೊದಲೇ ಮೂರು ಕೆಲಸ ಆಗುತ್ತಿತ್ತು: ದೇವಸ್ಥಾನದಲ್ಲಿ ಪೂಜೆ, ಗಾಜಿನ ಮೇಲೆ ಹೆಸರು, ಡ್ಯಾಶ್‌ಬೋರ್ಡಿಗೆ ಸೆಟ್ಟು.

ಇಲ್ಲಿ ಆ ಖಾಲಿ ಕಿಂಡಿಯ ಮಹಿಮೆ ನೋಡಿ. ಅದರ ಅಳತೆ 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರ. ಜರ್ಮನಿಯ ಮಾನಕ ಸಂಸ್ಥೆ 'ಡಿನ್' ಈ ಅಳತೆ ಗೊತ್ತು ಮಾಡಿತು, 1984ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವಾಯಿತು. ಅಂಗಡಿಯಲ್ಲಿ "ಸಿಂಗಲ್ ಡಿನ್ನಾ, ಡಬಲ್ ಡಿನ್ನಾ?" ಎಂದು ಕೇಳುವುದು ಇದನ್ನೇ. ಡಬಲ್ ಎಂದರೆ ಎತ್ತರ ಎರಡು ಪಟ್ಟು. ಜಪಾನಿನ ಸೆಟ್ಟಾಗಲಿ, ದೆಹಲಿಯಲ್ಲಿ ಜೋಡಿಸಿದ್ದಾಗಲಿ, ಚೀನಾದ್ದಾಗಲಿ, ಕೊಪ್ಪದ ಪೇಟೆಯಲ್ಲಿ ನಿಂತ ಗಾಡಿಯ ಕಿಂಡಿಗೆ ಸರಿಯಾಗಿ ಕೂರುತ್ತದೆ. ಎಲ್ಲೋ ಒಪ್ಪಿದ ಒಂದು ಅಳತೆ ನಮ್ಮ ಪೇಟೆಯ ಆಟೊ ಎಲೆಕ್ಟ್ರಿಷಿಯನ್ನಿಗೆ ಹೊಸದೊಂದು ಕೆಲಸ ಕೊಟ್ಟಿತು.

ಸ್ಪೀಕರಿನದ್ದು ಬೇರೆ ಸಮಸ್ಯೆ. ಪಿಕಪ್ಪಿನ ಬಾಗಿಲು ತೆಳು ತಗಡು. ಸ್ಪೀಕರ್ ಮುಂದಕ್ಕೂ ಹಿಂದಕ್ಕೂ ಸಮನಾಗಿ ಗಾಳಿ ತಳ್ಳುತ್ತದೆ. ಎರಡೂ ಸೇರಿದರೆ ಒಂದನ್ನೊಂದು ನುಂಗಿ ಬೇಸ್ ಮಾಯ. ಮುಂದಿನ ದನಿಯನ್ನೂ ಹಿಂದಿನ ದನಿಯನ್ನೂ ಬೇರೆ ಮಾಡಲು ಒಂದು ಗೋಡೆ ಬೇಕು. ಅದಕ್ಕೇ ಪ್ಲೈವುಡ್ ಪೆಟ್ಟಿಗೆ ಮಾಡಿ ಸೀಟಿನ ಹಿಂದೆ ಇಡುವುದು, ಮೊಟ್ಟೆಯಾಕಾರದ ದೊಡ್ಡ ಸ್ಪೀಕರುಗಳನ್ನು ಹಿಂಬದಿ ಹಲಗೆಗೆ ಕೂರಿಸುವುದು. ಮನೆಯಲ್ಲಿ ಮಣ್ಣಿನ ಮಡಕೆಯ ಬಾಯಿಗೆ ಸ್ಪೀಕರ್ ಇಟ್ಟು ಬೇಸ್ ಬರಿಸಿದ ಹುಡುಗರು ಪುಸ್ತಕ ಓದದೆ ಇದೇ ತತ್ವ ಕಂಡುಕೊಂಡಿದ್ದರು.

ಹಳದಿ, ಕೆಂಪು, ಕಪ್ಪು

ಸೆಟ್ ಬದಲಿಸುವುದು ಹೊರಗಿನಿಂದ ನೋಡಲು ಅರ್ಧ ಗಂಟೆಯ ಕೆಲಸ. ಅದರೊಳಗಿನ ಜಾಣ್ಮೆ ವೈರಿನಲ್ಲಿದೆ.

ಸೆಟ್ಟಿನ ಹಿಂದೆ ಬರುವ ವೈರುಗಳಲ್ಲಿ ಹಳದಿ ಎಂದರೆ ಬ್ಯಾಟರಿಯಿಂದ ಸದಾ ಬರುವ 12 ವೋಲ್ಟ್. ಗಡಿಯಾರ, ಸ್ಟೇಷನ್ ನೆನಪು ಇಟ್ಟುಕೊಳ್ಳುವುದು ಇದರಿಂದ. ಕೆಂಪು ಎಂದರೆ ಕೀಲಿ ತಿರುಗಿಸಿದಾಗ ಮಾತ್ರ ಬರುವ ಕರೆಂಟು. ಕಪ್ಪು ಅರ್ಥಿಂಗ್, ಅಂದರೆ ಬಾಡಿಗೆ. ನೀಲಿ ಏರಿಯಲ್ಲಿಗೆ ಅಥವಾ ಆಂಪ್ಲಿಫೈಯರನ್ನು ಎಬ್ಬಿಸಲಿಕ್ಕೆ. ಬಿಳಿ, ಬೂದು ಮುಂದಿನ ಎಡ ಬಲ ಸ್ಪೀಕರುಗಳಿಗೆ. ಹಸಿರು, ನೇರಳೆ ಹಿಂದಿನವಕ್ಕೆ. ಕಪ್ಪು ಗೆರೆ ಇರುವುದು ಮೈನಸ್.

ಅವಸರದಲ್ಲಿ ಹಳದಿ ಕೆಂಪು ಎರಡನ್ನೂ ಸೇರಿಸಿ ಬ್ಯಾಟರಿಗೆ ಕೊಟ್ಟರೆ ಸೆಟ್ಟೇನೋ ಹಾಡುತ್ತದೆ. ಆದರೆ ಕೀಲಿ ತೆಗೆದ ಮೇಲೂ ಅದಕ್ಕೆ ನಿದ್ದೆ ಇಲ್ಲ. ಎರಡು ದಿನ ಮಳೆಗೆ ಗಾಡಿ ನಿಂತರೆ ಮೂರನೇ ದಿನ ಬೆಳಿಗ್ಗೆ ಸೆಲ್ಫ್ ಹೊಡೆಯುವುದಿಲ್ಲ, ಅಕ್ಕಪಕ್ಕದವರನ್ನು ಕರೆದು ತಳ್ಳಿಸಬೇಕು. ಹಾಡಿನ ಹಿಂದೆ ಕುಂಯ್ ಎಂಬ ಸದ್ದು ಬಂದು, ಆಕ್ಸಿಲರೇಟರ್ ಒತ್ತಿದಷ್ಟೂ ಅದು ಏರಿದರೆ ಅದು ಡೈನಮೋ ಕಡೆಯ ಸದ್ದು. ಅರ್ಥಿಂಗ್ ಸಡಿಲವಿದೆ, ಇಲ್ಲವೇ ಹಾಡಿನ ವೈರು ಕರೆಂಟಿನ ವೈರಿನ ಜೊತೆ ಜೊತೆಗೇ ಹೋಗಿದೆ.

ಪೆಟ್ಟಿಗೆ ಮೇಲಿನ ಅಂಕಿಯ ಬಗ್ಗೆಯೂ ಒಂದು ಮಾತು. "50 ವ್ಯಾಟ್, ನಾಲ್ಕು ಸ್ಪೀಕರಿಗೆ" ಎಂದು ಬರೆದಿರುತ್ತಾರೆ. ಎಂಜಿನ್ ಓಡುವಾಗ ಗಾಡಿಯಲ್ಲಿ ಸಿಗುವುದು ಸುಮಾರು 14 ವೋಲ್ಟ್. ಮಾಮೂಲಿ ಸ್ಪೀಕರಿನ ತಡೆ 4 ಓಮ್. ಈ ಲೆಕ್ಕದಲ್ಲಿ ಆಂಪ್ಲಿಫೈಯರ್ ಇಲ್ಲದ ಸೆಟ್ ಒಂದು ಸ್ಪೀಕರಿಗೆ ನಿಜವಾಗಿ ಎಡೆಬಿಡದೆ ಕೊಡುವುದು 20 ವ್ಯಾಟಿನ ಆಸುಪಾಸು. 50 ಎಂಬುದು ಕ್ಷಣಮಾತ್ರದ ಉಬ್ಬು. ಅದಕ್ಕಿಂತ ಹೆಚ್ಚು ಬೇಕೆಂದರೆ ಬೇರೆ ಆಂಪ್ಲಿಫೈಯರ್ ಬೇಕು. 400 ವ್ಯಾಟಿನ ಆಂಪ್ಲಿಫೈಯರ್ ಜೋರಾಗಿ ಹಾಡುವಾಗ 40 ಆಂಪಿಯರಿನಷ್ಟು ಎಳೆಯಬಲ್ಲದು. ಸೆಟ್ಟಿಗೆಂದು ಕಂಪನಿ ಎಳೆದ ವೈರು 10 ಅಥವಾ 15 ಆಂಪಿಯರ್ ಫ್ಯೂಸಿನದ್ದು. ಆ ತೆಳು ವೈರಿಗೆ ಆಂಪ್ಲಿಫೈಯರ್ ಜೋಡಿಸಿ, ಫ್ಯೂಸು ಸುಟ್ಟಿತೆಂದು ಸಿಗರೇಟು ಪೊಟ್ಟಣದ ಬೆಳ್ಳಿ ಕಾಗದ ಸುತ್ತಿಟ್ಟರೆ ಅಲ್ಲಿಗೆ ಬೆಂಕಿಗೆ ಆಹ್ವಾನ ಕೊಟ್ಟಂತೆ. ಬ್ಯಾಟರಿಯಿಂದ ನೇರ ಬರುವ ದಪ್ಪ ವೈರು, ಬ್ಯಾಟರಿಯ ಹತ್ತಿರವೇ ಅದಕ್ಕೊಂದು ಫ್ಯೂಸು, ತಗಡು ದಾಟುವಲ್ಲಿ ರಬ್ಬರಿನ ಬುಷ್, ಈ ಮೂರು ಇರಲೇಬೇಕು. ನಮ್ಮ ರಸ್ತೆಯ ಕುಲುಕಾಟಕ್ಕೆ ವೈರು ತಗಡಿಗೆ ಉಜ್ಜಿ ಸವೆಯುತ್ತದೆ. ನಿಂತ ಗಾಡಿಯೊಳಗೆ ಇಲಿ ಬಂದು ಅದನ್ನೇ ಕಡಿಯುತ್ತದೆ.

ಪೆನ್ ಡ್ರೈವ್ ಮತ್ತು ಕೆರೆಕಟ್ಟೆಯ ಮೌನ

ಸಿಡಿ ಜಗತ್ತಿಗೆ ಬಂದದ್ದು 1982ರಲ್ಲಿ. ನಮ್ಮ ಗಾಡಿಗಳಿಗೆ ಅದು ತಡವಾಗಿ ಬಂತು, ಬೇಗ ಹೋಯಿತು. ರಸ್ತೆಯ ಹೊಂಡಕ್ಕೆ ಸಿಡಿ ಎಗರುತ್ತಿತ್ತು, ಗೀರು ಬಿದ್ದರೆ ಅಲ್ಲೇ ತೊದಲುತ್ತಿತ್ತು. ಆದರೆ ಎಂಪಿ3 ಬಂದಾಗ ಲೆಕ್ಕವೇ ಬದಲಾಯಿತು. ಒಂದು ನಿಮಿಷದ ಹಾಡಿಗೆ ಹೆಚ್ಚುಕಡಿಮೆ ಒಂದು ಎಂಬಿ. 700 ಎಂಬಿಯ ಒಂದು ಸಿಡಿಗೆ 140 ಹಾಡು, ಅಂದರೆ ಹನ್ನೆರಡು ಕ್ಯಾಸೆಟ್ಟಿನಷ್ಟು. 8 ಜಿಬಿಯ ಪೆನ್ ಡ್ರೈವಿಗೆ ಸಾವಿರದ ಆರುನೂರು. 2006ರ ಕೊನೆಗೆ 'ಮುಂಗಾರು ಮಳೆ' ಬಂದಾಗ ಒಂದೇ ಹಾಡುಗಳು ಕ್ಯಾಸೆಟ್ಟಿನಲ್ಲಿ, ಸಿಡಿಯಲ್ಲಿ, ಪೆನ್ ಡ್ರೈವಿನಲ್ಲಿ, ಮೊಬೈಲಿನ ಮೆಮೊರಿ ಕಾರ್ಡಿನಲ್ಲಿ ಒಟ್ಟಿಗೇ ಓಡಿದವು. ಹಳೆಯದು ಹೊಸದಕ್ಕೆ ಜಾಗ ಬಿಟ್ಟುಕೊಟ್ಟ ಹೊತ್ತು ಅದು.

2001ರಲ್ಲಿ ಬೆಂಗಳೂರಿನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಶುರುವಾಗಿತ್ತು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು. ನಗರದಲ್ಲಿ ಪೆನ್ ಡ್ರೈವ್ ಮೂಲೆಗೆ ಸೇರಿತು, ಬ್ಲೂಟೂತ್ ಬಂದಿತು. ನಮ್ಮಲ್ಲಿ ಮಾತ್ರ ಅದಿನ್ನೂ ಸೆಟ್ಟಿನ ಬಾಯಲ್ಲೇ ಇದೆ. ಕಾರಣ ತಿಳಿಯಬೇಕೆಂದರೆ ರಾಷ್ಟ್ರೀಯ ಹೆದ್ದಾರಿ 169ರಲ್ಲಿ ಹೋಗಿ ನೋಡಿ. ಹಿಂದೆ ಇದೇ 13. ಶೃಂಗೇರಿ ಬಿಟ್ಟು ಕೆರೆಕಟ್ಟೆ ಹಾದು ಎಸ್.ಕೆ. ಬಾರ್ಡರ್ ಕಡೆ ಇಳಿಯುವಾಗ ಎರಡೂ ಕಡೆ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡು. ಎಸ್.ಕೆ. ಎಂದರೆ ಸೌತ್ ಕೆನರಾ, ಹೋದ ಜಿಲ್ಲೆಯ ಹೆಸರು ಗಡಿಯಲ್ಲಿ ಉಳಿದುಕೊಂಡಿದೆ. ಅಲ್ಲಿ ಮೊಬೈಲಿನ ಕಡ್ಡಿಗಳು ಒಂದೊಂದಾಗಿ ಮಾಯವಾಗುತ್ತವೆ. ಎಫ್‌ಎಂ ಕೂಡ ಗುಡ್ಡದ ಹಿಂದೆ ಅಡಗುತ್ತದೆ. ರಾತ್ರಿ ಬಾಳೆಗೊನೆ ತುಂಬಿಕೊಂಡು ಮಂಗಳೂರಿಗೆ ಹೊರಟವನಿಗೆ ನಿದ್ದೆ ಬಾರದಂತೆ ಜೊತೆಯಾಗುವುದು ಪೆನ್ ಡ್ರೈವಿನ ಹಾಡೇ.

ಕಂಪನಿಯ ಸ್ಕ್ರೀನ್, ನಮ್ಮ ನಷ್ಟ

ಈಚಿನ ಕೆಲವು ಪಿಕಪ್‌ಗಳಲ್ಲಿ ಕಂಪನಿಯೇ ಸೆಟ್ ಕೂರಿಸಿ ಕೊಡುತ್ತಿದೆ. ಕೊಡದ ಗಾಡಿಗೆ ಏಳು ಅಥವಾ ಒಂಬತ್ತು ಇಂಚಿನ ಆಂಡ್ರಾಯ್ಡ್ ಸ್ಕ್ರೀನ್ ಹಾಕಿಸುತ್ತಾರೆ. ರಿವರ್ಸ್ ಕ್ಯಾಮೆರಾ, ಮ್ಯಾಪ್, ಫೋನ್ ಕರೆ ಎಲ್ಲ ಅದರಲ್ಲೇ. ತೋಟದ ಕಿರಿದಾದ ದಾರಿಯಲ್ಲಿ ಹಿಂದಕ್ಕೆ ತೆಗೆಯುವಾಗ ಆ ಕ್ಯಾಮೆರಾ ನಿಜಕ್ಕೂ ಜೀವ ಉಳಿಸಬಲ್ಲದು.

ಆದರೆ ಅಗ್ಗದ ಹಲವು ಸ್ಕ್ರೀನುಗಳಲ್ಲಿ ಒಂದು ಗುಂಡಿ ಕಾಣೆಯಾಗಿದೆ. ಮೀಡಿಯಂ ವೇವ್. ಬರೀ ಎಫ್‌ಎಂ ಇರುತ್ತದೆ. ಹಳೆಯ ಸೆಟ್ ತೆಗೆದು ಹೊಸ ಸ್ಕ್ರೀನ್ ಹಾಕಿಸಿದ ದಿನ ಆ ಗಾಡಿಯಿಂದ ಭದ್ರಾವತಿಯ 675 ಕೂಡ ಇಳಿದುಹೋಗುತ್ತದೆ, ಯಾರೂ ಗಮನಿಸುವುದಿಲ್ಲ. ಗುಂಡಿ ಇದ್ದರೂ ಅಗ್ಗದ ಮೊಬೈಲ್ ಚಾರ್ಜರ್, ಎಲ್ಇಡಿ ದೀಪಗಳ ಸದ್ದು ಮೀಡಿಯಂ ವೇವನ್ನು ಕೆಡಿಸುತ್ತದೆ. ಕೇಳುವವರು ಕಡಿಮೆಯಾದರೆ ಕೇಂದ್ರಕ್ಕೂ ಕಾರಣ ಕಡಿಮೆಯಾಗುತ್ತದೆ. ದೇಶದ ಹಲವೆಡೆ ಪ್ರಸಾರ ಭಾರತಿ ಹಳೆಯ ಮೀಡಿಯಂ ವೇವ್ ಟ್ರಾನ್ಸ್‌ಮಿಟರುಗಳನ್ನು ಮುಚ್ಚಿದೆ. ಆಪ್‌ನಲ್ಲಿ ಕೇಳಬಹುದಲ್ಲ ಎನ್ನಬಹುದು, ನಿಜ. ಆದರೆ ಆಪ್‌ಗೆ ನೆಟ್‌ವರ್ಕ್ ಬೇಕು. ಗಾಳಿ ಮಳೆಗೆ ಮರ ಬಿದ್ದು ಕರೆಂಟು ಹೋಗಿ, ಟವರಿನ ಬ್ಯಾಟರಿಯೂ ಮುಗಿದು, ರಸ್ತೆ ಕುಸಿದ ಸುದ್ದಿ ಬೇಕಾದ ದಿನವೇ ನೆಟ್‌ವರ್ಕ್ ಇರುವುದಿಲ್ಲ. ಅಂಥ ದಿನ ಗುಡ್ಡ ಬಳಸಿ ಬರುವ 444 ಮೀಟರಿನ ಅಲೆ, 12 ವೋಲ್ಟಿನ ಬ್ಯಾಟರಿ ಇರುವ ಗಾಡಿ, ಇವೆರಡೇ ಸಾಕು ಲೋಕದ ಸುದ್ದಿ ಸಿಗಲು.

ಇನ್ನೊಂದು ನಷ್ಟ ಕೈಕೆಲಸದ್ದು. ಹೊಸ ಗಾಡಿಗಳಲ್ಲಿ ಸೆಟ್, ಮೀಟರ್, ಎಂಜಿನ್ ಕಂಪ್ಯೂಟರ್ ಎಲ್ಲ ಒಂದೇ ಜಾಲದ ವೈರಿನಲ್ಲಿ ಬೆಸೆದಿರಬಹುದು. ಒಂದು ವೈರು ಕತ್ತರಿಸಿದರೆ ವಾರಂಟಿ ಹೋಗಬಹುದು. ಮಲ್ಟಿಮೀಟರ್ ಹಿಡಿದು ವೈರು ಹುಡುಕಿ ಕಲಿತ ಪೇಟೆಯ ಎಲೆಕ್ಟ್ರಿಷಿಯನ್ನಿಗೆ ಆ ಗಾಡಿ ಮುಟ್ಟಲು ಹೆದರಿಕೆ. ಅದಕ್ಕೆ ಈಗ ವೈರು ಕತ್ತರಿಸದೆ ಕೂರಿಸುವ ಕಪ್ಲರ್ ಬಂದಿವೆ. ಕೆಲಸ ಸುಲಭವಾಯಿತು, ಕಲಿಯುವುದು ಕಡಿಮೆಯಾಯಿತು.

ಸದ್ದು ಹೆಚ್ಚಾದಾಗ

ಉತ್ತರ ಕರ್ನಾಟಕದಲ್ಲಿ ಟ್ರ್ಯಾಕ್ಟರಿಗೆ ಆಳೆತ್ತರದ ಸ್ಪೀಕರ್ ಕಟ್ಟುವ ಹುಚ್ಚು ಹಬ್ಬಿತು. ನಮ್ಮಲ್ಲಿ ಗಣಪತಿ ಬಿಡುವ ದಿನ ಪಿಕಪ್ಪೇ ಡಿಜೆ ಗಾಡಿ. ಧ್ವನಿವರ್ಧಕದ ಜೀಪಿನಿಂದ ಶುರುವಾದ ಕಥೆ ಒಂದು ಸುತ್ತು ಹಾಕಿ ಮತ್ತೆ ಗಾಡಿಯ ಹೊರಗೇ ಬಂದಿದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಜೋರಾಗಿ ಮಾತಾಡಿದರೂ 55 ದಾಟುತ್ತದೆ ಎಂದರೆ ಡಿಜೆ ಎಲ್ಲಿ ನಿಲ್ಲುತ್ತದೆ ನೀವೇ ಯೋಚಿಸಿ.

ನಿಯಮಕ್ಕಿಂತ ಮುಖ್ಯ ಇನ್ನೊಂದು. ನಮ್ಮ ರಸ್ತೆಯಲ್ಲಿ ಕಣ್ಣಿಗಿಂತ ಮೊದಲು ಕಿವಿಗೆ ಗಾಡಿ ಸಿಗುತ್ತದೆ. ಕುರುಡು ತಿರುವಿನಾಚೆ ಬಸ್ಸು ಹಾರ್ನ್ ಹೊಡೆಯುತ್ತದೆ, ಹಿಂದಿನಿಂದ ಆಂಬ್ಯುಲೆನ್ಸ್ ಕೂಗುತ್ತದೆ. ಕ್ಯಾಬಿನ್ ಒಳಗೆ ಬೇಸ್ ಗುದ್ದುತ್ತಿದ್ದರೆ ಇವೆರಡೂ ಕೇಳುವುದಿಲ್ಲ. ಹಿಂದೆ ತೊಟ್ಟಿಯಲ್ಲಿ ಕೂತ ಕೂಲಿಯಾಳು "ನಿಲ್ಲಿಸಿ" ಎಂದು ತಗಡು ಬಡಿದದ್ದೂ ಕೇಳುವುದಿಲ್ಲ. ಸಾಮಾನಿನ ಗಾಡಿಯಲ್ಲಿ ಜನ ಹತ್ತಿಸುವುದೇ ಕಾನೂನಿಗೆ ವಿರುದ್ಧ, ಅಪಘಾತವಾದರೆ ವಿಮೆಯ ಹಣಕ್ಕೂ ತೊಡಕು. ಆದರೂ ಹತ್ತಿಸುತ್ತಾರೆಂಬುದು ಎಲ್ಲರಿಗೂ ಗೊತ್ತಿರುವ ಸತ್ಯ.

ಈ ಬೇಸಿಗೆಯಲ್ಲಿ ಸೆಟ್ ಬದಲಿಸುವವರಿಗೆ

ಅಡಿಕೆ ದುಡ್ಡು ಕೈಗೆ ಬಂದ ಮೇಲೆ ಸೆಟ್ ಬದಲಿಸುವ ಯೋಚನೆ ಇದ್ದರೆ ಅಂಗಡಿಯಲ್ಲಿ ನಾಲ್ಕು ಮಾತು ಕೇಳಿ. ಇದರಲ್ಲಿ ಮೀಡಿಯಂ ವೇವ್ ಇದೆಯೇ? ವೈರು ಕತ್ತರಿಸದೆ ಕಪ್ಲರಿನಲ್ಲಿ ಕೂರುತ್ತದೆಯೇ? ಆಂಪ್ಲಿಫೈಯರಿಗೆ ಬೇರೆ ಫ್ಯೂಸು ಎಲ್ಲಿ ಹಾಕುತ್ತೀರಿ? ಪೆಟ್ಟಿಗೆ ಮೇಲಿನ ವ್ಯಾಟ್ ಬಿಟ್ಟು ನಿಜವಾದ ವ್ಯಾಟ್ ಎಷ್ಟು? ಹಣ ಸ್ವಲ್ಪವೇ ಇದ್ದರೆ ಸೆಟ್ಟಿಗಿಂತ ಮೊದಲು ಸ್ಪೀಕರ್ ಬದಲಿಸಿ. ದನಿಯಲ್ಲಿ ಹೆಚ್ಚು ವ್ಯತ್ಯಾಸ ಕಾಣುವುದು ಅಲ್ಲಿಯೇ.

ಬಿಚ್ಚಿದ ಹಳೆಯ ಡೆಕ್ಕನ್ನು ಗುಜರಿಗೆ ಹಾಕುವ ಮೊದಲು ಅಟ್ಟದ ಮೇಲೊಮ್ಮೆ ನೋಡಿ. ಅಂಗಡಿಯಲ್ಲಿ ಕೊಂಡ ಸಿನಿಮಾ ಹಾಡಿನ ಕ್ಯಾಸೆಟ್ ಹೋದರೂ ಚಿಂತೆ ಇಲ್ಲ, ಅವು ಎಲ್ಲೆಡೆ ಸಿಗುತ್ತವೆ. ಆದರೆ ಊರಿನ ಆಟದ ರಾತ್ರಿ ಮುಂದೆ ಕೂತು ಯಾರೋ ಟೇಪ್ ಮಾಡಿದ್ದು, ಅಜ್ಜಿ ಹೇಳಿದ ಸೋಬಾನೆ ಪದ, ಮನೆಯ ತಾಳಮದ್ದಲೆ, ಇವುಗಳಿಗೆ ಎರಡನೇ ಪ್ರತಿ ಇರುವುದಿಲ್ಲ. ಬೂಸ್ಟು ಹಿಡಿದ ಪಟ್ಟಿಯನ್ನು ಬಿಸಿಲಿಗೆ ಹಾಕಬೇಡಿ. ನೆರಳಿನ ಒಣ ಜಾಗದಲ್ಲಿ ಕೆಲವು ದಿನ ಇಟ್ಟು, ಒಮ್ಮೆ ಪೂರ್ತಿ ಸುತ್ತಿ, ಹೆಡ್ ಒರೆಸಿ ಹಾಡಿಸಿ. ಡೆಕ್ಕಿನ ಸ್ಪೀಕರ್ ವೈರಿಗೆ ಫೋನನ್ನು ನೇರವಾಗಿ ಜೋಡಿಸಬೇಡಿ, ಫೋನೇ ಹಾಳಾದೀತು. ಸದ್ದಿಲ್ಲದ ಕೋಣೆಯಲ್ಲಿ ಸ್ಪೀಕರಿನ ಎದುರು ಫೋನ್ ಇಟ್ಟು ರೆಕಾರ್ಡ್ ಮಾಡಿದರೂ ಸಾಕು. ಕ್ಯಾಸೆಟ್ಟಿನ ಎರಡು ಬದಿಗೆ ಒಂದು ಗಂಟೆ ಹಿಡಿಯುತ್ತದೆ. ಯಾರ ದನಿ, ಯಾವ ಊರು, ಯಾವ ವರ್ಷ ಎಂದು ಕೊನೆಯಲ್ಲಿ ನಿಮ್ಮ ಬಾಯಲ್ಲೇ ಹೇಳಿ ಸೇರಿಸಿ. ಆಮೇಲೆ ಅದನ್ನು ಪೆನ್ ಡ್ರೈವಿಗೆ ಹಾಕಿ ಗಾಡಿಯಲ್ಲೇ ಇಟ್ಟುಕೊಳ್ಳಿ. ಕೆರೆಕಟ್ಟೆಯ ಕಾಡಿನಲ್ಲಿ ನೆಟ್‌ವರ್ಕ್ ಹೋದಾಗ ಅದೂ ಹಾಡಲಿ.